ವಾಲ್ಪರೈಸೊದಲ್ಲಿ ರಜೆಯ ಒಂದು ಸಂಜೆ

ಪ್ರಶ್ನೆ: ಯುದ್ಧನೌಕೆಯೊಂದು ಬಂದರಿಗೆ ಬಂದುಹೋದ ಕಾರಣಕ್ಕೆ ಎರಡು ದೇಶಗಳು ಯುದ್ಧದ ಅಂಚಿಗೆ ಹೋದದ್ದುಂಟೆ?

ಉತ್ತರ: ಉಂಟು. 1891ರ ಅಕ್ಟೋಬರ್ 16ರಂದು ಅಮೆರಿಕದ ‘ಬಾಲ್ಟಿಮೋರ್’ ನೌಕೆಯ ನಾವಿಕರು ಚಿಲಿಯ ವಾಲ್ಪರೈಸೊದಲ್ಲಿ ರಜೆಗೆಂದು ದಡಕ್ಕಿಳಿದರು. ಮದ್ಯದಂಗಡಿಯ ಬಳಿ ಹತ್ತಿದ ಜಗಳ ಬೀದಿಗಳಿಗೆ ಹಬ್ಬಿತು. ಇಬ್ಬರು ನಾವಿಕರು ಸತ್ತರು, ಹಲವರು ಗಾಯಗೊಂಡರು.

ಅಮೆರಿಕದ ಮೇಲೆ ಚಿಲಿಯವರಿಗಿದ್ದ ಸಿಟ್ಟು ಅಂದೇ ಹುಟ್ಟಿದ್ದಲ್ಲ. ಚಿಲಿಯ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಗೆದ್ದ ಪಕ್ಷಕ್ಕೆ ಬಂದೂಕು ಹೊತ್ತು ಹೊರಟಿದ್ದ ‘ಇಟಾಟಾ’ ಹಡಗನ್ನು ಅಮೆರಿಕ ಬೆನ್ನಟ್ಟಿ ಹಿಂದಕ್ಕೆ ತರಿಸಿತ್ತು. ಸಾಲದೆಂಬಂತೆ, ಸೋತ ಅಧ್ಯಕ್ಷ ಬಾಲ್ಮಸೇಡಾರ ಬೆಂಬಲಿಗರಿಗೆ ಸ್ಯಾಂಟಿಯಾಗೋದ ಅಮೆರಿಕ ದೂತಾವಾಸ ಆಶ್ರಯ ಕೊಟ್ಟಿತ್ತು. ಅಷ್ಟು ಕುದಿಯುತ್ತಿದ್ದ ಊರಿಗೆ ನಾವಿಕರನ್ನು ರಜೆಗೆ ಬಿಟ್ಟದ್ದೇ ದೊಡ್ಡ ಅವಿವೇಕ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಕುಡುಕರ ಕಾದಾಟ ಎಂದಿತು ಚಿಲಿ. ತಮ್ಮವರು ಅಮಲಿನಲ್ಲಿರಲಿಲ್ಲ ಎಂದರು ‘ಬಾಲ್ಟಿಮೋರ್’ನ ಕ್ಯಾಪ್ಟನ್ ಶ್ಲೈ. ಡಿಸೆಂಬರಿನಲ್ಲಿ ಚಿಲಿಯ ವಿದೇಶಾಂಗ ಸಚಿವ ಮಾಟಾ ಕಳಿಸಿದ ಕಟುವಾದ ತಂತಿ ಉರಿಗೆ ತುಪ್ಪ ಸುರಿಯಿತು. 1892ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಹ್ಯಾರಿಸನ್ ಅಂತಿಮ ಎಚ್ಚರಿಕೆ ಕೊಟ್ಟು, ವಿಷಯವನ್ನು ಕಾಂಗ್ರೆಸ್ಸಿನ ಮುಂದಿಟ್ಟರು. ಚಿಲಿ ಮಣಿಯಿತು. ಮಾಟಾರ ಮಾತುಗಳನ್ನು ಹಿಂತೆಗೆದುಕೊಂಡು, ಮುಂದೆ 75,000 ಡಾಲರ್ ಪರಿಹಾರ ಕೊಟ್ಟಿತು.