ಅಚ್ಚು, ಗಾಲಿ, ಕಡೆಗೀಲು: ಲಘು ವಿಮಾನದ ಟಯರು ಬದಲಿಸುವ ಕ್ರಮ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸಾಗುವ ದಾರಿಯಲ್ಲಿರುವ ವಳಸಂಗ, ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಗಡಿನಾಡಿನ ಊರು. ಕಬ್ಬು ಕಡಿಯುವ ಕಾಲ ಬಂದಾಗ ಈ ಸೀಮೆಯ ರಸ್ತೆಗಳಲ್ಲಿ ಸಕ್ಕರೆ ಕಾರ್ಖಾನೆಗಳತ್ತ ಹೊರಟ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟುತ್ತವೆ. ಹೇರು ಹೊತ್ತ ಬಂಡಿಯ ಗಾಲಿ ನಡುದಾರಿಯಲ್ಲಿ ಕೆಟ್ಟಿತೆಂದರೆ ಬಂಡಿಯವನಿಗೆ ಮೂರು ಪ್ರಶ್ನೆಗಳು ಎದುರಾಗುತ್ತವೆ. ಭಾರವನ್ನು ಎಲ್ಲಿ ಹಿಡಿದು ಎತ್ತಬೇಕು? ಎತ್ತಿದ ಭಾರವನ್ನು ಯಾವುದರ ಮೇಲೆ ಆನಿಸಬೇಕು? ಕಳಚಿದ ಗಾಲಿಯನ್ನು ಮರಳಿ ಸೇರಿಸಿದ ಮೇಲೆ ಅದು ಮತ್ತೆ ಕಳಚದಂತೆ ಹೇಗೆ ಬಂಧಿಸಬೇಕು?

ಇದೇ ಸೀಮೆಯಲ್ಲಿ, ಸೊಲ್ಲಾಪುರದ ಹೊಟಗಿ ರಸ್ತೆಯಲ್ಲಿ ವಿಮಾನ ನಿಲ್ದಾಣವಿದೆ. ನವೀಕರಣಗೊಂಡ ಆ ನಿಲ್ದಾಣದ ಉದ್ಘಾಟನೆ 2024ರ ಸೆಪ್ಟೆಂಬರ್ 29ರಂದು ನಡೆಯಿತು. ಗಡಿಯ ಈಚೆ ಕಲಬುರಗಿ ಮತ್ತು ಬೆಳಗಾವಿಯ ವಿಮಾನ ನಿಲ್ದಾಣಗಳಲ್ಲಿ ವಿಮಾನ ಚಾಲನೆಯನ್ನು ಕಲಿಸುವ ಶಾಲೆಗಳಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ತರಬೇತಿ ಶಾಲೆಯೇ ಇದೆ. ಇಂಥ ಶಾಲೆಗಳಲ್ಲಿ ಬಳಸುವ ಎರಡು ಅಥವಾ ನಾಲ್ಕು ಆಸನಗಳ ಲಘು ವಿಮಾನಗಳು ದಿನಕ್ಕೆ ಹಲವು ಬಾರಿ ನೆಲ ಮುಟ್ಟುತ್ತವೆ. ಕಲಿಯುವವರು ಇಳಿಸುವಾಗ ಹೊಡೆತ ಹೆಚ್ಚು; ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ ಗಾಲಿ ಉರುಳದೆ ಉಜ್ಜಿಕೊಂಡು ಹೋಗಿ ಟಯರಿನ ಒಂದೇ ಭಾಗ ಸವೆಯುತ್ತದೆ. ಆದುದರಿಂದ ಟಯರು ಬದಲಿಸುವುದು ಅಲ್ಲಿ ಪದೇ ಪದೇ ನಡೆಯುವ ಕೆಲಸ. ಬಂಡಿಯವನ ಆ ಮೂರು ಪ್ರಶ್ನೆಗಳೇ ಅಲ್ಲಿಯೂ ಎದುರಾಗುತ್ತವೆ. ಉತ್ತರದಲ್ಲಿ ತಪ್ಪಿದರೆ ಆಗುವ ಹಾನಿ ಮಾತ್ರ ಬಹಳ ದೊಡ್ಡದು.

ಭಾರ ಮತ್ತು ನೆಲ

ಲಘು ವಿಮಾನಗಳಲ್ಲಿ ಪ್ರಸಿದ್ಧವಾದ ಸೆಸ್ನಾ 172ನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದರ ಇತ್ತೀಚಿನ ಮಾದರಿ ಹಾರುವಾಗ ಹೊರಬಹುದಾದ ಒಟ್ಟು ಭಾರ, ತನ್ನ ಭಾರವೂ ಸೇರಿ, ಸುಮಾರು 1,157 ಕಿಲೋಗ್ರಾಂ. ಎಂದರೆ ಹನ್ನೊಂದೂವರೆ ಕ್ವಿಂಟಾಲು. ಮೂಗಿನ ಕೆಳಗೆ ಒಂದು ಚಿಕ್ಕ ಗಾಲಿ, ಒಡಲಿನ ಎರಡು ಬದಿಗೆ ಎರಡು ಮುಖ್ಯ ಗಾಲಿಗಳು. ಭಾರದ ಬಹುಪಾಲು ಈ ಎರಡು ಮುಖ್ಯ ಗಾಲಿಗಳ ಮೇಲೆಯೇ ಬೀಳುತ್ತದೆ.

ಭಾರದ ದೃಷ್ಟಿಯಿಂದ ಇದು ತುಂಬಿದ ಚಕ್ಕಡಿಗಿಂತ ದೊಡ್ಡದೇನಲ್ಲ. ಆದರೆ ಚಕ್ಕಡಿಯ ದಪ್ಪನೆಯ ಮರದ ಕೆಳಗೆ ಬಲವಾದ ಆನಿಕೆಯನ್ನು ಎಲ್ಲಿ ಕೊಟ್ಟರೂ ಅದು ತಡೆದುಕೊಳ್ಳುತ್ತದೆ. ವಿಮಾನದ ಮೈ ಹಾಗಲ್ಲ. ಅದರ ಹೊರಹೊದಿಕೆ ಒಂದು ಮಿಲಿಮೀಟರಿಗಿಂತ ತೆಳುವಾದ ಅಲ್ಯುಮಿನಿಯಂ ತಗಡು. ರೆಕ್ಕೆಯ ಮೇಲೆ ಗಾಳಿಯ ಒತ್ತಡ ಹರಡಿಕೊಂಡು ಬಿದ್ದಾಗ ಸಾವಿರ ಕಿಲೋ ಭಾರವನ್ನು ಎತ್ತಿ ಹಿಡಿಯುವ ಆ ತಗಡು, ಒಂದೇ ಬಿಂದುವಿನಲ್ಲಿ ಜಾಕಿನ ತಲೆ ತಾಗಿದರೆ ಜಜ್ಜಿಹೋಗುತ್ತದೆ. ಆದುದರಿಂದಲೇ ವಿಮಾನವನ್ನು ರೂಪಿಸುವಾಗಲೇ ಅದನ್ನು ಎಲ್ಲಿ ಎತ್ತಬಹುದೆಂಬುದನ್ನು ನಿಶ್ಚಯಿಸಿ ಕೈಪಿಡಿಯಲ್ಲಿ ಬರೆದಿರುತ್ತಾರೆ. ಕೆಲಸಗಾರನು ಸ್ವಂತ ಬುದ್ಧಿಯಿಂದ ಬೇರೊಂದು ಜಾಗವನ್ನು ಆರಿಸುವಂತಿಲ್ಲ.

ನೆಲದ ವಿಚಾರವೂ ಅಷ್ಟೇ ಮುಖ್ಯ. ಕರ್ಣನ ರಥದ ಗಾಲಿಯನ್ನು ಭೂಮಿ ನುಂಗಿದ ಪ್ರಸಂಗ ಪಂಪನ ಕಾವ್ಯವನ್ನು ಓದಿದವರಿಗೆ ಅಪರಿಚಿತವಲ್ಲ. ಕುಸಿಯುವ ನೆಲದಲ್ಲಿ ನಿಂತು ಭಾರವನ್ನು ಎತ್ತಲು ಹೋದವನ ಬಲವೆಲ್ಲ ವ್ಯರ್ಥವಾಗುತ್ತದೆ ಎಂಬುದು ಆ ಪ್ರಸಂಗದ ಲೌಕಿಕ ಪಾಠ. ಬೇಸಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೊಲ್ಲಾಪುರದಂಥ ಊರಿನಲ್ಲಿ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತದೆ. ಜಾಕಿನ ಕಿರಿದಾದ ಪಾದ ಅದರಲ್ಲಿ ಹೂತು ಓರೆಯಾಗಬಹುದು. ಸಮತಟ್ಟಾದ ಗಟ್ಟಿ ನೆಲ, ಜಾಕಿನ ಅಡಿಗೆ ಅಗಲವಾದ ಹಲಗೆ, ಗಾಳಿ ಬೀಸದ ತಾಣ ಈ ಮೂರೂ ಬೇಕು. ಮೇಲೆತ್ತಿದ ವಿಮಾನಕ್ಕೂ ರೆಕ್ಕೆಗಳು ಇದ್ದೇ ಇರುತ್ತವೆ. ಬಿರುಗಾಳಿಯ ಒಂದು ಬೀಸು ಅದನ್ನು ಜಾಕಿನಿಂದ ಜಾರಿಸಬಲ್ಲದು. ಆದುದರಿಂದ ಈ ಕೆಲಸವನ್ನು ಸಾಧ್ಯವಾದಷ್ಟೂ ಹ್ಯಾಂಗರಿನೊಳಗೇ ಮಾಡುತ್ತಾರೆ.

ಎತ್ತುವ ಬಗೆ

ಮೊದಲು, ಎತ್ತದೆ ಉಳಿಯುವ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಮರದ ತಡೆಗಳನ್ನು ಇಡುತ್ತಾರೆ. ಚಕ್ಕಡಿಯ ಗಾಲಿಗೆ ಕಲ್ಲು ಕೊಡುವುದೂ ಇದೂ ಒಂದೇ. ವಿಮಾನದೊಳಗೆ ಯಾರೂ ಇರಬಾರದು. ಒಬ್ಬನು ಏರಿ ಇಳಿದರೂ ತೂಕದ ಸಮತೋಲ ಬದಲಾಗುತ್ತದೆ.

ಸೆಸ್ನಾ 172ರ ಮುಖ್ಯ ಗಾಲಿಯ ಕಾಲು ಒಂದು ಉಕ್ಕಿನ ಸ್ಪ್ರಿಂಗು. ಇಳಿಯುವಾಗಿನ ಹೊಡೆತಕ್ಕೆ ಅದು ಹೊರಕ್ಕೆ ಬಾಗಿ, ಬಳಿಕ ಮರಳುತ್ತದೆ. ಒಂದೇ ಗಾಲಿಯನ್ನು ಎತ್ತುವುದಾದರೆ ಈ ಕಾಲಿಗೆ ಒಂದು ಹಿಡಿಕೆಯನ್ನು ತೊಡಿಸಿ, ಅದರ ಕೆಳಗೆ ಜಾಕ್ ಕೊಡುತ್ತಾರೆ. ಇಲ್ಲಿ ಕೈಪಿಡಿ ಮೂರು ಎಚ್ಚರಿಕೆಗಳನ್ನು ನೀಡುತ್ತದೆ. ಬ್ರೇಕಿನ ಎರಕದ ಭಾಗಕ್ಕೆ ಜಾಕ್ ಕೊಡಬಾರದು. ಈ ಬಗೆಯಲ್ಲಿ ಎರಡೂ ಗಾಲಿಗಳನ್ನು ಒಟ್ಟಿಗೆ ಎತ್ತಬಾರದು. ಮೂರನೆಯದು ಅತ್ಯಂತ ಸೂಕ್ಷ್ಮವಾದುದು: ಭಾರ ಕಡಿಮೆಯಾಗುತ್ತ ಬಂದಂತೆ ಹೊರಕ್ಕೆ ಬಾಗಿದ್ದ ಕಾಲು ಒಳಕ್ಕೆ ಸರಿಯುತ್ತದೆ, ಅದರೊಡನೆ ಗಾಲಿಯೂ ಒಳಕ್ಕೆ ಜಾರಿ ಜಾಕನ್ನು ಓರೆ ಮಾಡುತ್ತದೆ. ಆದುದರಿಂದ ಒಂದೇ ಉಸಿರಿಗೆ ಎತ್ತದೆ, ತುಸು ಎತ್ತಿ, ಜಾಕ್ ಓರೆಯಾದರೆ ಇಳಿಸಿ, ಅದನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಎತ್ತಬೇಕು. ಟಯರು ನೆಲದಿಂದ ಸ್ವಲ್ಪವೇ ಬಿಡುವಾದರೆ ಸಾಕು. ಹೆಚ್ಚು ಎತ್ತಿದಷ್ಟೂ ಅಪಾಯ ಹೆಚ್ಚು.

ರೆಕ್ಕೆ ಕೆಳಗಿರುವ ಕೆಲವು ವಿಮಾನಗಳಲ್ಲಿ ಜಾಕಿನ ಸ್ಥಾನಗಳು ರೆಕ್ಕೆಯ ಅಡಿಯಲ್ಲಿಯೇ ಇರುತ್ತವೆ. ಎರಡು ಜಾಕುಗಳಿಂದ ಹಾಗೆ ಎತ್ತಿದಾಗ ಮುಂದಿರುವ ಎಂಜಿನ್ನಿನ ಭಾರಕ್ಕೆ ಮೂಗು ಕೆಳಗೆ ಬಾಗದಂತೆ ಬಾಲಕ್ಕೆ ತೂಕ ಕಟ್ಟಬೇಕಾಗುತ್ತದೆ.

ಗಾಳಿ ಬಿಟ್ಟು ಬಿಚ್ಚುವುದು

ಕಾರಿನ ಚಕ್ರದಲ್ಲಿ ಟಯರನ್ನು ಸನ್ನೆಕೋಲಿನಿಂದ ಮೀಟಿ ತೆಗೆಯುವುದುಂಟು. ಲಘು ವಿಮಾನದ ಚಕ್ರದ ರಚನೆಯೇ ಬೇರೆ. ಅದು ಎರಡು ಹೋಳುಗಳಾಗಿದ್ದು, ಆ ಹೋಳುಗಳನ್ನು ಆರಪಾರಾಗಿ ಹಾದುಹೋಗುವ ಬೋಲ್ಟುಗಳು ಜೋಡಿಸಿ ಹಿಡಿದಿರುತ್ತವೆ. ಬೋಲ್ಟು ಬಿಚ್ಚಿದರೆ ಹೋಳುಗಳು ಬೇರೆಯಾಗಿ ಟಯರೂ ಟ್ಯೂಬೂ ಸುಲಭವಾಗಿ ಹೊರಬರುತ್ತವೆ. ಈ ಅನುಕೂಲದಲ್ಲಿಯೇ ಈ ಕೆಲಸದ ಅತ್ಯಂತ ದೊಡ್ಡ ಅಪಾಯವೂ ಇದೆ.

ಸೆಸ್ನಾ 172ರ ಇತ್ತೀಚಿನ ಮಾದರಿಯ ಮುಖ್ಯ ಟಯರಿನಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 42 ಪೌಂಡು. ಅಂಗೈಯಷ್ಟು ಅಗಲದ, ಸುಮಾರು 15 ಚದರ ಅಂಗುಲ ಜಾಗದ ಮೇಲೆ ಆ ಗಾಳಿ ಹೇರುವ ಬಲ 630 ಪೌಂಡು. ಸುಮಾರು 285 ಕಿಲೋಗ್ರಾಂ. ಮೂರು ಕ್ವಿಂಟಾಲು ಜೋಳದ ಭಾರಕ್ಕೆ ಸಮೀಪವಾದ ಬಲವನ್ನು ಆ ಬೋಲ್ಟುಗಳು ಸದ್ದಿಲ್ಲದೆ ತಡೆದು ನಿಂತಿರುತ್ತವೆ. ಗಾಳಿಯಿರುವಾಗಲೇ ಅವುಗಳನ್ನು ಸಡಿಲಿಸಿದರೆ ಚಕ್ರದ ಹೋಳುಗಳು ಸಿಡಿದು ಎದುರಿಗಿದ್ದವನ ಪ್ರಾಣವನ್ನೇ ತೆಗೆಯಬಹುದು. ಬೋಲ್ಟೊಂದು ಒಳಗೇ ಬಿರುಕು ಬಿಟ್ಟಿರುವ ಸಾಧ್ಯತೆಯೂ ಇರುವುದರಿಂದ, ಅಚ್ಚಿನ ನಟ್ಟನ್ನು ಮುಟ್ಟುವ ಮೊದಲೇ ಗಾಳಿ ಬಿಡುವುದು ಕ್ಷೇಮ.

ಕನ್ನಡ ವ್ಯಾಕರಣವನ್ನು ಓದುವವರು ಇಲ್ಲಿ ಕ್ಷಣ ನಿಲ್ಲಬೇಕು. ‘ಗಾಳಿ ಬಿಟ್ಟು ಬೋಲ್ಟು ಬಿಚ್ಚು’, ‘ಬೋಲ್ಟು ಬಿಚ್ಚಿ ಗಾಳಿ ಬಿಡು’ ಎಂಬ ಎರಡು ವಾಕ್ಯಗಳಲ್ಲಿ ಇರುವ ನಾಮಪದಗಳೂ ಧಾತುಗಳೂ ಅವೇ. ಬದಲಾದುದು ಭೂತನ್ಯೂನ ಕೃದಂತಾವ್ಯಯದ ಸ್ಥಾನ ಮಾತ್ರ. ಯಾವ ಧಾತು ‘ಬಿಟ್ಟು’, ‘ಬಿಚ್ಚಿ’ ಎಂಬಂತೆ ಭೂತನ್ಯೂನವಾಗುತ್ತದೆಯೋ ಆ ಕ್ರಿಯೆ ಮೊದಲು ಮುಗಿಯುತ್ತದೆ. ಯಾವುದು ಪೂರ್ಣಕ್ರಿಯಾಪದವಾಗುತ್ತದೆಯೋ ಅದು ಆಮೇಲೆ ನಡೆಯುತ್ತದೆ. ಮೊದಲ ವಾಕ್ಯವನ್ನು ಪಾಲಿಸಿದವನು ಸಂಜೆ ಮನೆಗೆ ಹೋಗುತ್ತಾನೆ. ಎರಡನೆಯದನ್ನು ಪಾಲಿಸಿದವನ ಬಗ್ಗೆ ಆ ಭರವಸೆ ಇಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಒಂದು ವ್ಯಾಕರಣಸೂತ್ರ ಕೆಲಸದ ಮನೆಯಲ್ಲಿ ಎಷ್ಟು ತೂಕದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಗಾಳಿ ಬಿಟ್ಟ ಮೇಲೆ ಬ್ರೇಕಿನ ಹಿಂಬದಿಯ ತಟ್ಟೆಯನ್ನು ಬಿಚ್ಚುತ್ತಾರೆ. ಅಚ್ಚಿನ ತುದಿಯ ಪಿನ್ನನ್ನು ತೆಗೆದು, ನಟ್ಟನ್ನು ತಿರುಗಿಸಿ, ಚಕ್ರವನ್ನು ಹೊರಕ್ಕೆ ಎಳೆಯುತ್ತಾರೆ. ಆ ಹೊತ್ತಿನಲ್ಲಿ ಒಳಗಿನ ಬ್ರೇಕನ್ನು ಯಾರೂ ಒತ್ತಬಾರದು. ಒತ್ತಿದರೆ ತಡೆಯಿಲ್ಲದ ಪಿಸ್ಟನ್ನು ಹೊರಬಿದ್ದು ಎಣ್ಣೆ ಚೆಲ್ಲುತ್ತದೆ. ಚಕ್ರಕ್ಕೆ ಅಂಟಿಕೊಂಡಿರುವ ಟಯರಿನ ಅಂಚನ್ನು ಸುತ್ತಲೂ ಒತ್ತಿ ಬಿಡಿಸಬೇಕೇ ಹೊರತು ತಿರುಪುಳಿಯಿಂದ ಮೀಟಬಾರದು. ಚಕ್ರದ ಮೃದುವಾದ ಮಿಶ್ರಲೋಹದ ಮೇಲೆ ಬಿದ್ದ ಒಂದು ಗೀರು ಮುಂದೆ ತುಕ್ಕಿಗೆ, ತುಕ್ಕು ಬಿರುಕಿಗೆ ದಾರಿಯಾಗುತ್ತದೆ.

ಮರಳಿ ಜೋಡಿಸುವುದು

ಚಕ್ರ ಕೈಗೆ ಬಂದಾಗ ಟಯರನ್ನಷ್ಟೇ ಬದಲಿಸಿ ಮುಗಿಸುವುದು ಜಾಣತನವಲ್ಲ. ಹೋಳುಗಳಲ್ಲಿ ಬಿರುಕು ಇದೆಯೇ, ಬೋಲ್ಟುಗಳು ನೆಟ್ಟಗಿವೆಯೇ, ಬೇರಿಂಗಿನ ಉರುಳೆಗಳಲ್ಲಿ ಕಲೆ ಬಿದ್ದಿದೆಯೇ ಎಂದು ನೋಡಬೇಕು. ಹಳೆಯ ಗ್ರೀಸನ್ನು ತೊಳೆದು ಹೊಸದನ್ನು ತುಂಬಬೇಕು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದರ ಉದ್ದೇಶವೂ ಇದೇ.

ಹೊಸ ಟ್ಯೂಬಿಗೆ ಟಾಲ್ಕ್ ಪುಡಿ ಸವರಿ, ಸುಕ್ಕಾಗದಂತೆ ಟಯರಿನೊಳಗೆ ಕೂರಿಸುತ್ತಾರೆ. ಟಯರಿನ ಮೇಲೆ ಒಂದು ಕೆಂಪು ಚುಕ್ಕೆಯಿರುತ್ತದೆ. ಅದು ಟಯರಿನ ಹಗುರವಾದ ಭಾಗದ ಗುರುತು. ಟ್ಯೂಬಿನ ಭಾರವಾದ ಭಾಗವನ್ನು, ಬೇರೆ ಗುರುತಿಲ್ಲದಿದ್ದರೆ ಅದರ ವಾಲ್ವನ್ನು, ಆ ಚುಕ್ಕೆಯ ನೇರಕ್ಕೆ ತಂದರೆ ಎರಡೂ ಸರಿದೂಗಿ ಚಕ್ರ ನಡುಗದೆ ತಿರುಗುತ್ತದೆ. ಹೋಳುಗಳ ನಡುವೆ ಟ್ಯೂಬು ಸಿಕ್ಕಿಕೊಳ್ಳದಂತೆ ನೋಡಿ, ಬೋಲ್ಟುಗಳನ್ನು ಸರದಿಯಂತೆ ಸಮನಾಗಿ, ಕೈಪಿಡಿ ಹೇಳಿದಷ್ಟೇ ಬಲದಿಂದ ಬಿಗಿಯುತ್ತಾರೆ. ಆ ಬಲವನ್ನು ಅಳೆಯಲು ಟಾರ್ಕ್ ರೆಂಚು ಎಂಬ ಸಾಧನವಿದೆ. ಬಳಿಕ ಗಾಳಿ ತುಂಬಿ, ಒಮ್ಮೆ ಪೂರ್ತಿಯಾಗಿ ಬಿಟ್ಟು, ಮತ್ತೆ ತುಂಬುತ್ತಾರೆ. ಟ್ಯೂಬಿನ ಸುಕ್ಕು ಬಿಡುವುದು ಹೀಗೆ.

ಲಘು ವಿಮಾನಕ್ಕೆ ಸಾಮಾನ್ಯ ಗಾಳಿ ನಡೆಯುತ್ತದೆ. ದೊಡ್ಡ ವಿಮಾನಗಳ ಮಾತು ಬೇರೆ. 1986ರ ಮಾರ್ಚ್ 31ರಂದು ಮೆಕ್ಸಿಕೋದಲ್ಲಿ ಬೋಯಿಂಗ್ 727 ವಿಮಾನವೊಂದು ನೆಲಕ್ಕಪ್ಪಳಿಸಿ 167 ಮಂದಿ ಮಡಿದರು. ಬ್ರೇಕಿನ ಅತಿಯಾದ ಬಿಸಿಗೆ, ಸಾಮಾನ್ಯ ಗಾಳಿ ತುಂಬಿದ್ದ ಟಯರು ಹಾರಾಟದ ನಡುವೆ ಸಿಡಿದುದು ಆ ದುರಂತಕ್ಕೆ ಮೂಲವಾಯಿತು. ದೊಡ್ಡ ವಿಮಾನಗಳ ಟಯರುಗಳಿಗೆ ಉರಿಯಲು ನೆರವಾಗದ ನೈಟ್ರೋಜನ್ ಅನಿಲವನ್ನು ತುಂಬುವ ನಿಯಮ ಬಲಗೊಂಡದ್ದು ಆ ಬಳಿಕ.

ಕಡೆಗೀಲು

ಚಕ್ರವನ್ನು ಅಚ್ಚಿಗೆ ಏರಿಸಿ ನಟ್ಟನ್ನು ಬಿಗಿಯುವಾಗ ಹದ ಬೇಕು. ಅತಿಯಾಗಿ ಬಿಗಿದರೆ ಬೇರಿಂಗು ಬಿಸಿಯಾಗಿ ಸುಡುತ್ತದೆ. ಸಡಿಲವಾದರೆ ಚಕ್ರ ಅಲುಗಾಡುತ್ತದೆ. ಆ ನಟ್ಟಿನ ತಲೆಯಲ್ಲಿ ಕೋಟೆಯ ತೆನೆಗಳಂತೆ ಕಚ್ಚುಗಳಿರುತ್ತವೆ. ಒಂದು ಕಚ್ಚು ಅಚ್ಚಿನ ತೂತಿಗೆ ಸರಿಹೊಂದಿದಾಗ ಅದರ ಮೂಲಕ ಸಣ್ಣ ಪಿನ್ನೊಂದನ್ನು ತೂರಿಸಿ, ಅದರ ಎರಡು ಕಾಲುಗಳನ್ನು ಬಗ್ಗಿಸುತ್ತಾರೆ. ಒಮ್ಮೆ ಬಗ್ಗಿಸಿ ತೆಗೆದ ಪಿನ್ನನ್ನು ಮತ್ತೆ ಬಳಸುವಂತಿಲ್ಲ. ಪ್ರತಿ ಸಲವೂ ಹೊಸದೇ ಬೇಕು. ಕೆಲವೇ ರೂಪಾಯಿ ಬೆಲೆಯ ಈ ತಂತಿಯ ತುಂಡು ಇಲ್ಲದಿದ್ದರೆ ನಟ್ಟು ತಿರುಗಿ ತಿರುಗಿ ಸಡಿಲಗೊಂಡು, ವಿಮಾನ ವೇಗದಲ್ಲಿ ಓಡುತ್ತಿರುವಾಗಲೇ ಗಾಲಿ ಕಳಚಬಹುದು.

ಇದಕ್ಕೆ ಕನ್ನಡದಲ್ಲಿ ಹೊಸ ಹೆಸರನ್ನು ಹುಡುಕಬೇಕಾಗಿಲ್ಲ. ಬಂಡಿಯ ಅಚ್ಚಿನ ತುದಿಗೆ ಹಾಕುವ ಕೀಲು ಕಡೆಗೀಲು. ಕಡೆ, ಕೀಲು ಎಂಬ ಪದಗಳು ಆದೇಶಸಂಧಿಯಿಂದ ಕೂಡಿವೆ. ಉತ್ತರದ ಆಡುಮಾತಿನಲ್ಲಿ ಅದೇ ಕಡಾಣಿ. ಕಡೆ, ಆಣಿ ಎಂಬ ಪದಗಳು ಲೋಪಸಂಧಿಯಿಂದ ಸೇರಿವೆ. ಜೇಡರ ದಾಸಿಮಯ್ಯನು ಒಂದು ವಚನದಲ್ಲಿ ಒಡಲನ್ನು ಬಂಡಿಗೂ ಶರಣರ ನುಡಿಯನ್ನು ಅದರ ಕಡೆಗೀಲಿಗೂ ಹೋಲಿಸಿದ್ದಾನೆ. ಬಂಡಿಯ ಗಾತ್ರಕ್ಕೆ ಹೋಲಿಸಿದರೆ ಅತ್ಯಂತ ಚಿಕ್ಕದಾದ ವಸ್ತುವನ್ನು ಅವನು ಆಯ್ದುಕೊಂಡದ್ದೇಕೆಂಬುದು, ವಿಮಾನದ ಗಾಲಿಯ ಮುಂದೆ ಕುಳಿತು ಆ ಪಿನ್ನನ್ನು ಬಗ್ಗಿಸಿದವನಿಗೆ ಬೇರೆ ವ್ಯಾಖ್ಯಾನವಿಲ್ಲದೆಯೇ ತಿಳಿಯುತ್ತದೆ.

ಪಿನ್ನು ಹಾಕಿ, ಬ್ರೇಕನ್ನು ಜೋಡಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಜಾಕನ್ನು ನಿಧಾನವಾಗಿ ಇಳಿಸುತ್ತಾರೆ. ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಏನನ್ನು ಬಿಚ್ಚಲಾಯಿತು, ಏನನ್ನು ಹೊಸದಾಗಿ ಹಾಕಲಾಯಿತು ಎಂಬುದನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದು ಅಧಿಕೃತ ವ್ಯಕ್ತಿ ಸಹಿ ಹಾಕಬೇಕು. ಮರುದಿನ ಆ ವಿಮಾನವನ್ನು ಏರುವ ವಿದ್ಯಾರ್ಥಿಯು ಕೆಲಸ ಮಾಡಿದವನ ಮುಖವನ್ನು ಕಂಡಿರುವುದಿಲ್ಲ. ಆ ಪುಟದಲ್ಲಿ ಬರೆದ ನಾಲ್ಕು ಸಾಲುಗಳನ್ನು ನಂಬಿ ಅವನು ನೆಲ ಬಿಡುತ್ತಾನೆ.