ಮೂರು ಶಿಲುಬೆಗಲ್ಲು, ಮೂರು ಆಸರೆ

ಉತ್ತರ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ನಿಗ್, ಶ್ಯಾಂಡ್ವಿಕ್, ಹಿಲ್ಟನ್ ಆಫ್ ಕ್ಯಾಡ್‌ಬಾಲ್ ಎಂಬ ಮೂರು ಪುಟ್ಟ ಊರುಗಳು ಒತ್ತಟ್ಟಿಗಿವೆ. ಒಂದೊಂದಕ್ಕೂ ಒಂದು ಶಿಲುಬೆಗಲ್ಲು. ಆ ಸೀಮೆಯಲ್ಲಿದ್ದ, ಕ್ರೈಸ್ತಮತಕ್ಕೆ ಬಂದಿದ್ದ ಪಿಕ್ಟ್ ಎಂಬ ಜನ ಕ್ರಿ.ಶ. 800ರ ಆಸುಪಾಸಿನಲ್ಲಿ ಕೆತ್ತಿದ, ಆಳೆತ್ತರ ಮೀರಿದ ಚಪ್ಪಡಿಗಳಿವು. ಒಂದು ಮುಖದಲ್ಲಿ ಶಿಲುಬೆ. ಇನ್ನೊಂದರಲ್ಲಿ ಬೇಟೆ, ಪ್ರಾಣಿಗಳು ಮತ್ತು ಈವರೆಗೂ ಯಾರೂ ಅರ್ಥ ಬಿಡಿಸದ ಚಿಹ್ನೆಗಳು.

ನಿಗ್‌ನ ಕಲ್ಲು ಹಳೆಯ ಚರ್ಚಿನೊಳಗೆ ಸೇರಿಕೊಂಡಿದೆ. ಶ್ಯಾಂಡ್ವಿಕ್‌ನದು 1846ರ ಬಿರುಗಾಳಿಗೆ ಉರುಳಿ ಒಡೆಯಿತು. ಮತ್ತೆ ಎತ್ತಿ ನಿಲ್ಲಿಸಿದ ಅದಕ್ಕೆ 1988ರಲ್ಲಿ ಗಾಜಿನ ಮನೆ ಕಟ್ಟಿದರು. ಮಳೆ, ಉಪ್ಪುಗಾಳಿಗಳಿಂದ ಕಲ್ಲು ಬಚಾವಾಯಿತು, ಸರಿ. ಆದರೆ ಬಯಲಲ್ಲಿ ಕಡಲಿಗೆ ಎದೆಯೊಡ್ಡಿ ನಿಲ್ಲಲೆಂದೇ ಕಡೆದದ್ದನ್ನು ಅಂಗಡಿಯ ಶೋಕೇಸಿನಲ್ಲಿ ಇಟ್ಟಂತೆ ಕಾಣುತ್ತದೆ.

ಹೆಚ್ಚು ಪಾಡು ಪಟ್ಟದ್ದು ಹಿಲ್ಟನ್‌ನ ಕಲ್ಲು. ಅದರಲ್ಲೊಬ್ಬ ಹೆಂಗಸು ಕುದುರೆಯ ಮೇಲೆ ಓರೆಯಾಗಿ ಕೂತು ಬೇಟೆಗೆ ಹೊರಟಿದ್ದಾಳೆ. ಪಕ್ಕದಲ್ಲೇ ಕನ್ನಡಿ, ಬಾಚಣಿಗೆ. ಸುತ್ತ ಕಹಳೆಯೂದುವವರು, ನಾಯಿಗಳು, ಜಿಂಕೆ. ಹಿಂಬದಿಯ ಶಿಲುಬೆಯನ್ನು 1676ರಲ್ಲಿ ಕೆತ್ತಿ ತೆಗೆದು, ಅಲೆಕ್ಸಾಂಡರ್ ಡಫ್ ಎಂಬಾತ ಮತ್ತು ಅವನ ಮೂವರು ಹೆಂಡಿರ ಗೋರಿಬರಹ ಕೊರೆದರು. ಹೀಗೆ ಹಾಳುಗೆಡವಿದ್ದೂ ಈಗ ಕಲ್ಲಿನ ಚರಿತ್ರೆಯೇ. ಮುಂದೆ ಅಲ್ಲಿನ ಜಮೀನುದಾರರು ಕಲ್ಲನ್ನು ತಮ್ಮ ಇನ್ವರ್‌ಗಾರ್ಡನ್ ಕೋಟೆಗೆ ಸಾಗಿಸಿದರು. 1921ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಹೋಯಿತು. ಸ್ಕಾಟ್ಲೆಂಡಿನಲ್ಲಿ ಎಷ್ಟು ಗಲಾಟೆಯೆದ್ದಿತೆಂದರೆ ಅದೇ ವರ್ಷ ಎಡಿನ್‌ಬರೋಗೆ ವಾಪಸು ಬಂತು. ಹಿಲ್ಟನ್‌ಗೆ ಮಾತ್ರ ಬರಲಿಲ್ಲ.

ಊರಿನವರು ಸುಮ್ಮನಾಗಲಿಲ್ಲ. ಶಿಲ್ಪಿ ಬ್ಯಾರಿ ಗ್ರೋವ್ ಕೆತ್ತಿದ ಪ್ರತಿಕೃತಿಯೊಂದು ಹಿಲ್ಟನ್‌ನ ಹಳೆಯ ಪ್ರಾರ್ಥನಾಮಂದಿರದ ಜಾಗದಲ್ಲಿ ಎದ್ದು ನಿಂತಿತು. ಅಲ್ಲೇ 2001ರಲ್ಲಿ ಅಗೆದಾಗ ಮೂಲಕಲ್ಲಿನ ಬುಡ ಸಿಕ್ಕಿತು. ಜೊತೆಗೆ ಡಫ್‌ನ ಕಾಲದಲ್ಲಿ ಉದುರಿಸಿದ ಶಿಲುಬೆಯ ಸಾವಿರಾರು ಚೂರುಗಳು. ಬುಡವೂ ಎಡಿನ್‌ಬರೋಗೆ ಹೋಗಬೇಕೆ ಎಂಬ ಜಗಳ ಶುರುವಾಯಿತು. ತಜ್ಞರಿಗೆ ಅದು ಒಂದು ಕಲಾಕೃತಿಯ ಕಳೆದುಹೋದ ಭಾಗ. ಹಿಲ್ಟನ್‌ನವರಿಗೆ ತಮ್ಮ ಮಣ್ಣಲ್ಲೇ ಬೇರುಬಿಟ್ಟದ್ದು. ಈಗ ಬುಡ ಪಕ್ಕದ ಬಾಲಿಂಟೋರ್‌ನ ಸಮುದಾಯ ಭವನದಲ್ಲಿದೆ, ಮೇಲ್ಭಾಗ ಎಡಿನ್‌ಬರೋದಲ್ಲಿ. ತುಂಡುಗಳು ಒಂದೆಡೆ ಸೇರಿದ್ದರೆ ಸಂಶೋಧಕರಿಗೆ ಅನುಕೂಲವಿತ್ತು, ನಿಜ. ಆದರೂ ನನ್ನ ಮತ ಹಿಲ್ಟನ್‌ನವರಿಗೇ: ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿ ನೋಡಲು ನೂರು ವಸ್ತುಗಳಿವೆ, ಆ ಕಡಲಂಚಿನ ಹಳ್ಳಿಗಳಿಗೆ ಇರುವುದು ಇಷ್ಟೇ.