ಸೈನಸ್ ತಲೆನೋವಿಗೆ ಮೆಣಸಿನ ಸಾರು ಸಾಕೇ?

ಮಳೆಗಾಲ ಬಂತೆಂದರೆ ಖಾರಘರದ ಪಾಂಡವಕಡಾ ಜಲಪಾತಕ್ಕೆ ಜೀವ, ನಮ್ಮ ಮೂಗಿಗೆ ಬೀಗ! ಹಣೆ ಭಾರ, ಬಗ್ಗಿದರೆ ಕೆನ್ನೆಯೊಳಗೆ ನೋವು.

ಕನ್ನಡದ ಮನೆಗಳಲ್ಲಿ ಆಗ ಒಲೆಗೇರುವುದು ಮೆಣಸು-ಜೀರಿಗೆ ಸಾರು. ಕಾಳುಮೆಣಸಿನ ಪೈಪರಿನ್ ಖಾರಕ್ಕೆ ಮೂಗು ಸೋರುತ್ತದೆ, ಬಿಸಿಗೆ ಕಫ ಸಡಿಲವಾಗುತ್ತದೆ. ಅಷ್ಟೇ, ಸೋಂಕು ಹೋಗದು. ಬಾಲ್ಕನಿ ಕುಂಡದ ದೊಡ್ಡಪತ್ರೆ ಕಷಾಯವೂ ಗಂಟಲಿಗೆ ಹಿತ. ಹಣೆಗೆ ಶುಂಠಿ ಲೇಪ ಮಾತ್ರ ಬೇಡ, ಚರ್ಮ ಉರಿದೀತು.

ನನ್ನ ಮತ ಉಪ್ಪುನೀರಲ್ಲಿ ಮೂಗು ತೊಳೆಯುವುದಕ್ಕೆ. ಆದರೆ ಈ ಜಲನೇತಿಗೆ ನಲ್ಲಿ ನೀರು ಹಾಗೇ ಬಳಸಬೇಡಿ, ಕುದಿಸಿ ಆರಿಸಿ. ಅಪರೂಪಕ್ಕೆ ಕುದಿಸದ ನೀರಲ್ಲಿರುವ ಅಮೀಬಾ ಮೂಗಿನಿಂದ ಮಿದುಳಿಗೇ ಹೋಗಬಲ್ಲದು.

ಅಂದಹಾಗೆ, ಸೈನಸ್ ಅಂದುಕೊಂಡದ್ದು ಎಷ್ಟೋ ಸಲ ಮೈಗ್ರೇನ್. ಬೆಳಕು ಸಹಿಸದೆ ವಾಕರಿಕೆ ಬರುತ್ತಿದ್ದರೆ, ನೋವು 10 ದಿನ ದಾಟಿದರೆ ಡಾಕ್ಟರಿಗೆ ತೋರಿಸಿ. ಕಣ್ಣಿನ ಸುತ್ತ ಊದಿಕೊಂಡರೆ ಅವತ್ತೇ ಹೊರಡಿ.